ಪಿಯಾನೊ ಕೀಟಾಪ್ ಅಂಟಿಸಿದ್ರೂ ನಿಲ್ತಿಲ್ವಾ? ಗಮ್ ಬದಲಾಯಿಸೋ ಮುಂಚೆ ಅಡಿಭಾಗ ನೋಡಿ

ಬಿಳಿ ಕೀ ಮೇಲಿರೋ ಹೊದಿಕೆ, ಅದೇ ಕೀಟಾಪ್, ಕಿತ್ತು ಕೈಗೆ ಬಂತು ಅಂದ್ರೆ ಬಹಳ ಜನ ಮಾಡೋ ಮೊದಲ ಕೆಲ್ಸ ಅಂಗಡಿಗೆ ಹೋಗಿ ಇನ್ನೂ ಗಟ್ಟಿ ಗಮ್ ತರೋದು, ಅದೂ ಬಿಟ್ಟುಕೊಂಡ್ರೆ ಅದಕ್ಕಿಂತ ಗಟ್ಟಿದು, ಆಮೇಲೆ ಎಪಾಕ್ಸಿ (ಎರಡು ಟ್ಯೂಬ್ ಕಲಸಿ ಹಚ್ಚೋ ಗಮ್), ಕೊನೆಗೆ ಕೀ ಮರಾನೇ ಸಿಬಿರೆದ್ದು ಹೋದ್ಮೇಲೆ ಟೆಕ್ನಿಶಿಯನ್‌ಗೆ ಫೋನು. ರಿಪೇರಿಗೆ ಹೋದ ಕಡೆಯೆಲ್ಲಾ ಇದೇ ಕಥೆ ಕೇಳಿ ಕೇಳಿ ಇದನ್ನ ಒಂದ್ಸಲ ಪೂರ್ತಿಯಾಗಿ ಬರ್ದಿಡೋಣ ಅನ್ಸಿತು. ಗಮ್ ಶಕ್ತಿ ಸಾಲದೆ ಬಿಟ್ಟುಕೊಂಡಿದ್ದನ್ನ ನಾನು ನೋಡಿರೋದು ಕಮ್ಮಿ. ಜಾಸ್ತಿ ಸಲ ದೋಷ ಇರೋದು ಮರದ ಮೈಯಲ್ಲಿ, ಇಲ್ಲಾಂದ್ರೆ ಕೀಟಾಪ್ ಅಡಿಯಲ್ಲಿ, ಅದೂ ಇಲ್ಲಾಂದ್ರೆ ಅಳತೇಲಿ.

ಹಾಗಾಗಿ ಬಿದ್ದ ತುಂಡನ್ನ ತೊಳೀಬೇಡಿ, ಕೆರೀಬೇಡಿ. ಮರದ ಮೇಲೆ ಒಳಗಡೆ 1ರಿಂದ 88ರವರೆಗೆ ನಂಬರ್ ಹೊಡೆದಿರತ್ತೆ, ಅದೇ ನಂಬರನ್ನ ತುಂಡಿನ ಹಿಂದೆ ಪೆನ್ಸಿಲಲ್ಲಿ ಬರೆದು ಒಂದು ಕವರ್‌ಗೆ ಹಾಕಿಡಿ. ಹಳೇ ಪಿಯಾನೊ ಆದ್ರೆ 85ಕ್ಕೇ ನಿಂತಿರಬಹುದು, ಆಗ ಬಿಳಿ ಕೀ 52ರ ಬದಲು 50 ಇರತ್ತೆ, ಹೊಸ ಸೆಟ್ ತರಿಸೋರು ಇದನ್ನ ಮೊದಲೇ ಎಣಿಸಿಕೊಳ್ಳಿ. ಮತ್ತೆ ಇಲ್ಲಿ ಹೇಳ್ತಿರೋದೆಲ್ಲಾ ಮರದ ಕೀ ಇರೋ ಅಕೌಸ್ಟಿಕ್ ಪಿಯಾನೊಗೆ, ಪೂರ್ತಿ ಪ್ಲಾಸ್ಟಿಕ್ ಕೀ ಇರೋ ಡಿಜಿಟಲ್ ಕೀಬೋರ್ಡಿಗೆ ಇದು ಅನ್ವಯಿಸಲ್ಲ.

ಮೊದಲು ಅದು ಯಾವ ವಸ್ತು ಅಂತ ತಿಳ್ಕೊಳ್ಳಿ

ಇದು ಗೊತ್ತಿಲ್ದೆ ಕೈ ಹಾಕ್ಬೇಡಿ, ಯಾಕಂದ್ರೆ ಒಂದಕ್ಕೆ ಮಾಡೋ ಕೆಲ್ಸ ಇನ್ನೊಂದಕ್ಕೆ ಅಪಾಯ. ಕೀಯ ಅಗಲವಾದ ಮುಂಭಾಗಕ್ಕೂ ಕಪ್ಪು ಕೀಗಳ ಮಧ್ಯೆ ಹೋಗೋ ಸಣ್ಣ ಬಾಲಕ್ಕೂ ಸೇರೋ ಜಾಗದಲ್ಲಿ ಕೂದಲೆಳೆಯಷ್ಟು ಅಡ್ಡ ಗೆರೆ ಕಾಣ್ತಿದ್ರೆ, ಮೇಲ್ಮೈ ಓರೆಯಾಗಿ ಬೆಳಕಿಗೆ ಹಿಡಿದಾಗ ಮರದ ಎಳೆ ಥರ ಅಂಕುಡೊಂಕು ಎಳೆ ಕಂಡ್ರೆ ಅದು ಆನೆ ದಂತ. ಎರಡು ತುಂಡು ಸೇರಿಸಿ ಅಂಟಿಸ್ತಿದ್ರು, ದಪ್ಪ ಅಂದ್ರೆ 1 ಎಂಎಂ ಆಸುಪಾಸು. ಅಡ್ಡ ಗೆರೆ ಇಲ್ಲ, ಆದ್ರೆ ಸ್ಕೇಲಿಟ್ಟು ಎಳೆದಂಗೆ ನೇರವಾಗಿ ಸಮಾನಾಂತರ ಗೆರೆಗಳಿವೆ ಅಂದ್ರೆ ಅದು ದಂತದ ನಕಲು, ಸೆಲ್ಯುಲಾಯ್ಡ್. ಬೆರಳಲ್ಲಿ ಜೋರಾಗಿ ಉಜ್ಜಿ ಮೂಸಿ ನೋಡಿದ್ರೆ ಕರ್ಪೂರದ ವಾಸನೆ ಬರತ್ತೆ, ಯಾಕಂದ್ರೆ ಅದನ್ನ ಮಾಡೋವಾಗ ನಿಜವಾಗ್ಲೂ ಕರ್ಪೂರ ಹಾಕಿರ್ತಾರೆ. ಗೆರೆನೂ ಇಲ್ಲ, ಎಳೆನೂ ಇಲ್ಲ, ಮುಂದಿನ ಮುಖಾನೂ ಸೇರಿ ಒಂದೇ ಅಚ್ಚಲ್ಲಿ ಬಂದಿದೆ ಅಂದ್ರೆ ಅದು ಈಚಿನ ಪ್ಲಾಸ್ಟಿಕ್ಕು, ಅಕ್ರಿಲಿಕ್ ಅಥವಾ ಎಬಿಎಸ್.

ಸೆಲ್ಯುಲಾಯ್ಡ್ ಬಗ್ಗೆ ದಯವಿಟ್ಟು ಹುಷಾರು. ಅದು ಭಗ್ ಅಂತ ಹತ್ತಿಕೊಳ್ಳೋ ವಸ್ತು, ಇಸ್ತ್ರಿಪೆಟ್ಟಿಗೆ, ಹೀಟ್ ಗನ್, ಲೈಟರ್, ಪಕ್ಕದಲ್ಲಿ ದೀಪ, ಯಾವುದೂ ಬೇಡ. ವಾಸನೆ ನೋಡೋಕೆ ಅಂತ ಮೂಲೆಗೆ ಬಿಸಿ ಸೂಜಿ ಚುಚ್ಚಿ ಅಂತ ಕೆಲವರು ಹೇಳ್ತಾರೆ, ಅದನ್ನ ಖಂಡಿತ ಮಾಡ್ಬೇಡಿ, ಬೆರಳಲ್ಲಿ ಉಜ್ಜಿದ್ರೆ ಸಾಕು.

ದಂತದ ವಿಷಯದಲ್ಲಿ ಬೇರೆ ಥರದ ಹುಷಾರು ಬೇಕು. ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಆದ ತಿದ್ದುಪಡಿ ಭಾರತದ ಆನೆ ದಂತದ ವ್ಯಾಪಾರ ನಿಲ್ಲಿಸ್ತು, 1991ರ ತಿದ್ದುಪಡಿ ಆಫ್ರಿಕಾದ ದಂತಕ್ಕೂ ಬಾಗಿಲು ಹಾಕ್ತು. ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1989ರಲ್ಲೇ ಸೈಟಿಸ್, ಅಂದ್ರೆ ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ದೇಶದೇಶಗಳ ಒಪ್ಪಂದ, ಅದರಡಿ ನಿಷೇಧದ ತೀರ್ಮಾನ ಆಗಿದೆ. ಹಾಗಾಗಿ ಕಳೆದುಹೋದ ಒಂದು ತುಂಡಿಗೆ ಜೋಡಿ ಹುಡುಕ್ತೀನಿ ಅಂತ ಹಳೇ ದಂತದ ತುಂಡು ಕೊಳ್ಳೋದು, ಕಿತ್ತಿದ್ದನ್ನ ಮಾರೋದು, ಎರಡೂ ಬೇಡ. ಬಿದ್ದಿರೋ ಅದೇ ತುಂಡು ಇದ್ರೆ ಅದನ್ನೇ ವಾಪಸ್ ಅಂಟಿಸಿ, ಇಲ್ಲಾಂದ್ರೆ ಪ್ಲಾಸ್ಟಿಕ್ ಹಾಕಿ. ಒಂದು ಕಾಲದಲ್ಲಿ ಜಾಂಜಿಬಾರ್ ಮೂಲಕ ಹಡಗು ಹಡಗು ದಂತ ಅಮೆರಿಕದ ಕನೆಕ್ಟಿಕಟ್‌ಗೆ ಹೋಗ್ತಿತ್ತು, ಅಲ್ಲಿ ಡೀಪ್ ರಿವರ್ ಅಂತ ಒಂದೂರು, ಪಕ್ಕದಲ್ಲೇ ಐವರಿಟನ್ ಅಂತ ಇನ್ನೊಂದೂರು, ಎರಡೂ ಪಿಯಾನೊ ಕೀ ಕೊಯ್ದೇ ಬೆಳೆದ ಊರುಗಳು. ಎಷ್ಟು ಆನೆ ಸತ್ತಿರಬಹುದು ಅಂತ ನೆನೆಸ್ಕೊಂಡ್ರೆ ಇರೋ ತುಂಡನ್ನ ಜೋಪಾನ ಮಾಡೋದೇ ನಾವು ಮಾಡಬಹುದಾದ ಮರ್ಯಾದೆ ಅನ್ಸತ್ತೆ ನಂಗೆ.

ಈಗ ಅಡಿಭಾಗ ಓದೋದು

ಟಾರ್ಚ್ ತಗೊಳ್ಳಿ, ತುಂಡನ್ನೂ ಮರಾನೂ ಪಕ್ಕಪಕ್ಕ ಇಟ್ಟು ಓರೆಯಾಗಿ ಬೆಳಕು ಬಿಡಿ. ಗಮ್ ಯಾವ ಕಡೆ ಉಳ್ಕೊಂಡಿದೆ ಅನ್ನೋದೇ ಇಲ್ಲಿ ಮುಖ್ಯ.

ಗಮ್ ಪೂರ್ತಿ ಮರದ ಮೇಲೇ ಇದೆ, ಕೀಟಾಪ್ ಅಡಿ ನುಣ್ಣಗೆ ಸ್ವಚ್ಛವಾಗಿದೆ ಅಂದ್ರೆ ಗಮ್ ಪ್ಲಾಸ್ಟಿಕ್ಕನ್ನ ಹಿಡಿದೇ ಇಲ್ಲ. ಫ್ರೇಜರ್ ಟೌನ್‌ನಲ್ಲಿ ಒಂದು ಮನೇಲಿ ಮಿಡ್ಲ್ ಸಿ (ಕೀಬೋರ್ಡ್ ಮಧ್ಯದ ಸಿ ಸ್ವರ) ಹತ್ರದ ಇ ಕೀಟಾಪ್ ಪದೇ ಪದೇ ಬೀಳ್ತಿತ್ತು, ಹೊಸ ಸೆಟ್ ಹಾಕಿಸಿ ವರ್ಷ ಆಗಿರ್ಲಿಲ್ಲ. ತಿರುಗಿಸಿ ನೋಡಿದ್ರೆ ಮರದ ಮೇಲೆ ಗಮ್ ಗಾಜಿನ ಹಾಳೆ ಥರ ಹೊಳೀತಾ ಕೂತಿದೆ, ಅದರಲ್ಲಿ ಪ್ಲಾಸ್ಟಿಕ್ ಅಚ್ಚಿನ ಸಣ್ಣ ಸಣ್ಣ ಗುರುತು ಕೂಡ ತಿರುವುಮುರುವಾಗಿ ಒತ್ತಿಕೊಂಡು ಓದೋ ಹಾಗಿತ್ತು. ಉಗುರಲ್ಲಿ ಮೂಲೆ ಎಬ್ಬಿಸಿದ್ರೆ ಪೂರ್ತಿ ಪದರ ಒಂದೇ ಸಲ ಸುಲಿದು ಬಂತು. ಇದಕ್ಕೆ ಕಾರಣ ಎರಡು, ಒಂದು ಅಚ್ಚಿಂದ ಸಲೀಸಾಗಿ ಬಿಡಿಸೋಕೆ ಹಾಕೋ ಜಿಡ್ಡು ಹಿಂದೆ ಹಾಗೇ ಉಳಿದಿರೋದು, ಇನ್ನೊಂದು ಅಂಟಿಸೋ ಮುಂಚೆ ಅಡಿಭಾಗವನ್ನ ಉಜ್ಜಿ ಒರಟು ಮಾಡದೇ ಇರೋದು. ಪರಿಹಾರ ಸುಲಭ: ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, 120 ನಂಬರ್ ಉಪ್ಪುಕಾಗದದಲ್ಲಿ ಅಡ್ಡಡ್ಡ ಉಜ್ಜಿ, ಹೊಳಪು ಎಲ್ಲೂ ಕಾಣಬಾರದು, ಮೂಲೆ ಮೂಲೇಲೂ. ಆಮೇಲೆ ಅಡಿಭಾಗ ಬೆರಳಲ್ಲಿ ಮುಟ್ಟಬೇಡಿ. ಥಿನ್ನರ್, ಅಸಿಟೋನ್ ಹಾಕಿ ಒರೆಸೋ ಯೋಚನೆ ಬಿಡಿ, ಪ್ಲಾಸ್ಟಿಕ್ ಕರಗತ್ತೆ, ಮೇಲ್ಮೈಗೆ ಒಂದು ಹನಿ ಬಿದ್ರೂ ಆ ಕಲೆ ಹೋಗಲ್ಲ.

ಗಮ್ ಪೂರ್ತಿ ಕೀಟಾಪ್ ಜೊತೆ ಬಂದಿದೆ, ಮರ ಬರಿದಾಗಿದೆ, ಆದ್ರೆ ಮರ ನೋಡೋಕೆ ಕಂದು ಬಣ್ಣಕ್ಕೆ ತಿರುಗಿ ಮಿರಮಿರ ಅಂತಿದೆ. ಇದು ಅತಿ ಸಾಮಾನ್ಯ, ಕಣ್ತಪ್ಪಿ ಹೋಗೋದೂ ಇದೇ. ಮರ ಬರಿದಾಗಿ ಕಂಡ್ರೂ ಬರಿದಲ್ಲ, ಹಳೇ ಸರೇಸು, ಅಂದ್ರೆ ಚರ್ಮ ಮೂಳೆ ಕುದಿಸಿ ಮಾಡ್ತಿದ್ದ ಹಿಂದಿನ ಕಾಲದ ಅಂಟು, ಮರದ ಎಳೆಯೊಳಗೆ ಇಳಿದು ಅಲ್ಲೇ ಗಟ್ಟಿಯಾಗಿ ಕೂತಿದೆ. ಹೊಸ ಗಮ್ ಒಳಗೆ ಇಳಿಯೋಕೆ ಜಾಗವೇ ಇಲ್ಲ. ಪರೀಕ್ಷೆ ಹೀಗೆ: ಬೆರಳ ತುದೀಲಿ ಒಂದೇ ಒಂದು ಹನಿ ನೀರು ಮರದ ಮೇಲೆ ಬಿಡಿ. ಹನಿ ಗುಂಡಗೆ ಮಣಿ ಥರ ನಿಂತುಕೊಂಡ್ರೆ ಮರ ಮುಚ್ಚಿಹೋಗಿದೆ, ನಿಧಾನಕ್ಕೆ ಹರಡಿ ಇಂಗಿ ಗಾಢ ಕಲೆ ಆದ್ರೆ ಮರ ತೆರೆದಿದೆ. ನಾಲ್ಕು ಕಡೆ ಮಾಡಿ ನೋಡಿ, ಮುಂದಿನ ಅಂಚಲ್ಲಿ ಇಂಗತ್ತೆ ಮಧ್ಯದಲ್ಲಿ ನಿಲ್ಲತ್ತೆ ಅನ್ನೋದೂ ಇರತ್ತೆ. ನಿಂತ ಕಡೆ ಚೂಪಾದ ಉಳಿ ಅಡ್ಡಲಾಗಿ ಹಿಡಿದು ತೆಳ್ಳಗೆ ಕೆರೆದು, ಹೊಸ ಮರದ ಬಣ್ಣ ಬರೋವರೆಗೆ, ಆಮೇಲೆ ಚಪ್ಪಟೆ ಮರದ ತುಂಡಿಗೆ ಸುತ್ತಿದ ಉಪ್ಪುಕಾಗದ. ಬರೀ ಬೆರಳಲ್ಲಿ ಉಪ್ಪುಕಾಗದ ಒತ್ತಿ ಉಜ್ಜಿದ್ರೆ ಅಂಚುಗಳು ದುಂಡಗಾಗ್ತವೆ, ಆಮೇಲೆ ಅಂಚೇ ಮೊದಲು ಬಿಟ್ಟುಕೊಳ್ಳತ್ತೆ.

ಗಮ್ ಎರಡೂ ಕಡೆ ಸ್ವಲ್ಪ ಸ್ವಲ್ಪ ಇದೆ, ಒಣಗಿ ಪುಡಿಯಾಗಿ ಉದುರ್ತಿದೆ ಅಂದ್ರೆ ಸರೇಸಿಗೆ ವಯಸ್ಸಾಯ್ತು ಅಂತ. ಸರೇಸು ತೇವ ಎಳ್ಕೊಳ್ಳತ್ತೆ, ಮೆತ್ತಗಾಗತ್ತೆ, ಮತ್ತೆ ಒಣಗತ್ತೆ, ಮಂಗಳೂರು ಕಡೆ ಕರಾವಳಿ ಗಾಳೀಲಿ ಇದು ಬೇಗ ಆಗತ್ತೆ, ಬೂಷ್ಟು ಕೂಡ ಹಿಡಿಯತ್ತೆ. ಒಂದು ಬಿತ್ತು ಅಂದ್ರೆ ಉಳಿದವೂ ಅದೇ ವಯಸ್ಸಿನವು, ಎಲ್ಲಾ ಬಿಳಿ ಕೀಗಳ ಮೇಲೂ ಉಗುರಲ್ಲಿ ಕುಟ್ಟುತ್ತಾ ಹೋಗಿ. ಚೆನ್ನಾಗಿ ಅಂಟಿದ್ದು ಗಟ್ಟಿ ಸದ್ದು ಕೊಡತ್ತೆ, ಒಳಗೆ ಬಿಟ್ಟುಕೊಂಡಿರೋದು ಪೊಳ್ಳು ಸದ್ದು. ಪೊಳ್ಳು ಬಂದವಕ್ಕೆಲ್ಲಾ ಚಿಕ್ಕ ಟೇಪ್ ಹಚ್ಚಿ ಗುರುತು ಮಾಡಿ ಒಟ್ಟಿಗೇ ಕೆಲಸ ಮುಗಿಸಿ.

ಕೀಟಾಪ್ ಅಡಿಗೆ ಮರದ ನಾರೇ ಅಂಟಿಕೊಂಡು ಬಂದಿದೆ ಅಂದ್ರೆ ಗಮ್ ತನ್ನ ಕೆಲ್ಸ ಮಾಡಿದೆ, ಸೋತಿದ್ದು ಮರ. ಇಲ್ಲಿ ಇನ್ನೂ ಗಟ್ಟಿ ಗಮ್ ಹಾಕಿದ್ರೆ ಮುಂದಿನ ಸಲ ಇನ್ನೂ ಆಳಕ್ಕೆ ಹರಿಯತ್ತೆ. ಕೀಗಳನ್ನ ಸ್ಪ್ರೂಸ್, ಪೈನ್, ಬಾಸ್‌ವುಡ್ ಥರದ ಹಗುರ ಮೆತ್ತನೆ ಮರದಲ್ಲಿ ಮಾಡಿರ್ತಾರೆ, ಹುಳ ಹಿಡಿದಿದ್ಯಾ, ತೇವಕ್ಕೆ ಕುಂಬಾಗಿದ್ಯಾ ಅಂತ ಸೂಜಿ ಚುಚ್ಚಿ ನೋಡಿ. ಬರೀ ಮೇಲ್ಪದರ ಸಿಬಿರೆದ್ದಿದ್ರೆ ಆ ಸಿಬಿರನ್ನ ಕೀಟಾಪ್‌ನಿಂದ ಬಿಡಿಸಿ ಇದ್ದ ಜಾಗಕ್ಕೇ ಅಂಟಿಸಿ, ಹಳ್ಳಕ್ಕೆ ಮರದ ಪುಡಿ ಕಲಸಿದ ಗಮ್ ತುಂಬಿ, ಒಣಗಿದ ಮೇಲೆ ಮಟ್ಟ ಮಾಡಿ. ಜಾಸ್ತಿ ಹಾಳಾಗಿದ್ರೆ ಮೇಲಿನ ಪದರ ತೆಗೆದು ಹೊಸ ತೆಳು ಮರ ಕೂರಿಸಬೇಕು, ಅದು ಒಳ್ಳೇ ಮರಗೆಲಸದವರ ಕೆಲಸ.

ಕಡೇದು, ಗಮ್ ಇನ್ನೂ ರಬ್ಬರ್ ಥರ ಮೆತ್ತಗಿದೆ, ಅಂಟಂಟು. ಕಾಂಟ್ಯಾಕ್ಟ್ ಗಮ್, ಅಂದ್ರೆ ಎರಡೂ ಕಡೆ ಹಚ್ಚಿ ಒಣಗಿಸಿ ಆಮೇಲೆ ಒತ್ತೋ ಗಮ್, ಅದನ್ನ ಹಚ್ಚಿ ಕಾಯದೇ ಒತ್ತಿಬಿಟ್ಟಿದ್ದಾರೆ, ಒಳಗಿದ್ದ ದ್ರಾವಕ ಹೊರಗೆ ಹೋಗೋಕೆ ದಾರಿ ಸಿಗದೆ ಅಲ್ಲೇ ಕೂತಿದೆ. ಇಂಥ ಕಡೆ ಕೀಟಾಪ್ ಮೇಲ್ಮೈ ಕೂಡ ಸ್ವಲ್ಪ ಅಲೆಅಲೆಯಾಗಿರಬಹುದು, ದ್ರಾವಕ ಪ್ಲಾಸ್ಟಿಕ್ಕನ್ನೇ ತಿಂದಿರತ್ತೆ. ಅಲೆ ಎದ್ದ ತುಂಡನ್ನ ಉಳಿಸೋಕಾಗಲ್ಲ, ಬೇರೆ ಹಾಕಿ.

ಕಿತ್ತು ತೆಗೀಬೇಕಾದಾಗ

ದಂತವನ್ನ ಬಿಡಿಸೋಕೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಹದವಾದ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ರೆ ಸರೇಸು ಕರಗತ್ತೆ, ತೆಳ್ಳನೆ ಪುಟ್ಟಿ ಬ್ಲೇಡನ್ನ ಮುಂದಿನಿಂದ ಚಪ್ಪಟೆಯಾಗಿ ನೂಕ್ತಾ ಹೋಗಿ. ಸಿಬಿರು ಏಳ್ತಿದೆ ಅನ್ಸಿದ ಕ್ಷಣ ನಿಲ್ಲಿಸಿ ಆ ಕಡೆಯಿಂದ ಬ್ಲೇಡ್ ತೆಗೆದು ಎದುರು ದಿಕ್ಕಿಂದ ಬನ್ನಿ, ಮರದ ಎಳೆ ಯಾವ ಕಡೆ ಇಳಿಜಾರಾಗಿದೆಯೋ ಬ್ಲೇಡೂ ಆ ಕಡೆಗೇ ಮುಳುಗತ್ತೆ. ಪ್ಲಾಸ್ಟಿಕ್ಕಿಗೆ ಹೇರ್ ಡ್ರೈಯರ್ ಸಾಕು. ಸೆಲ್ಯುಲಾಯ್ಡಿಗೆ ಬಿಸಿ ಇಲ್ಲವೇ ಇಲ್ಲ, ಬರೀ ಬ್ಲೇಡು ಮತ್ತು ತಾಳ್ಮೆ. ಒದ್ದೆ ಬಟ್ಟೆಯ ಹಬೆ ತಿಂದ ಮರವನ್ನ ಅವತ್ತೇ ಅಂಟಿಸಬೇಡಿ, ಮರ ಉಬ್ಬಿರತ್ತೆ, ಒಣಗಿ ಕುಗ್ಗಿದಾಗ ಜೋಡಣೆ ಬಿಟ್ಟುಕೊಳ್ಳತ್ತೆ. ಒಂದೆರಡು ದಿನ ಗಾಳಿಗಿಡಿ, ಮಳೆಗಾಲ ಆದ್ರೆ ಇನ್ನೂ ಜಾಸ್ತಿ.

ದಪ್ಪದ ಲೆಕ್ಕ, ಇಲ್ಲೇ ಜಾಸ್ತಿ ಜನ ಎಡವೋದು

ದಂತ 1 ಎಂಎಂ ಆಸುಪಾಸು ಅಂದೆ. ಅಚ್ಚಿನ ಪ್ಲಾಸ್ಟಿಕ್ ಕೀಟಾಪ್ ಸುಮಾರು 2 ಎಂಎಂ. ದಂತ ತೆಗೆದು ಮರ ಕೆತ್ತದೆ ಹಾಗೇ ಪ್ಲಾಸ್ಟಿಕ್ ಕೂರಿಸಿದ್ರೆ ಎಲ್ಲಾ ಬಿಳಿ ಕೀಗಳೂ 1 ಎಂಎಂ ಎತ್ತರಕ್ಕೆ ಬರ್ತವೆ. ಒಂದೇ ಎಂಎಂ ತಾನೇ ಅನ್ಸಬಹುದು. ಆದ್ರೆ ಕಪ್ಪು ಕೀ ಬಿಳಿ ಕೀಗಿಂತ ಸುಮಾರು 12 ಎಂಎಂ ಮೇಲಿರಬೇಕು, ಕೀ ಒತ್ತಿದಾಗ ಇಳಿಯೋದು ಸುಮಾರು 10 ಎಂಎಂ. ಅಂದ್ರೆ ಪೂರ್ತಿ ಒತ್ತಿದ ಕಪ್ಪು ಕೀ ಬಿಳಿಗಿಂತ ಮೇಲೆ ಉಳಿಯೋದೇ ಒಂದೆರಡು ಎಂಎಂ. ಬಿಳಿ 1 ಎಂಎಂ ಎದ್ರೆ ಆ ಉಳಿಕೆ ಅರ್ಧಕ್ಕರ್ಧ ಹೋಯ್ತು, ಕಪ್ಪು ಒತ್ತಿದ ಬೆರಳು ಪಕ್ಕದ ಬಿಳಿ ಕೀಗಳಿಗೆ ತಾಗತ್ತೆ. ಕೀಟಾಪ್ ಹಾಕಿಸಿದ ಮೇಲೆ ಶಾರ್ಪ್, ಅಂದ್ರೆ ಕಪ್ಪು ಕೀ, ನುಡಿಸೋವಾಗ ಪಕ್ಕದ ಸ್ವರ ತಪ್ಪಿ ಬರ್ತಿದೆ ಅಂತ ಯಾರಾದ್ರೂ ಅಂದ್ರೆ ನಾನು ಮೊದಲು ಅಳೆಯೋದು ಇದನ್ನ.

ಇದನ್ನ ಮುಚ್ಚೋಕೆ ಕೆಲವರು ಬ್ಯಾಲೆನ್ಸ್ ರೈಲ್, ಅಂದ್ರೆ ಕೀಗಳು ಏತದ ಥರ ಆಡೋಕೆ ಮಧ್ಯೆ ಆಧಾರ ಕೊಡೋ ಪಟ್ಟಿ, ಅದರ ಮೇಲಿರೋ ಕಾಗದದ ಬಿಲ್ಲೆಗಳನ್ನ ತೆಗೆದು ಕೀಯನ್ನ ಕೆಳಗಿಳಿಸ್ತಾರೆ. ನೋಡೋಕೆ ಮಟ್ಟ ಸರಿಹೋಗತ್ತೆ, ಆದ್ರೆ ಕೀ ಇಳಿಯೋ ಆಳ ಕಮ್ಮಿಯಾಗಿ ತಂತಿಗೆ ಬಡಿಯೋ ಹ್ಯಾಮರ್ ಪೂರ್ತಿ ಕೆಲಸ ಮಾಡಲ್ಲ, ಸದ್ದು ಸಪ್ಪೆ, ಕೈಗೆ ಆಳ ಸಿಗಲ್ಲ. ಸರಿಯಾದ ದಾರಿ ಒಂದೇ, ಎಷ್ಟು ದಪ್ಪ ಹೆಚ್ಚಾಯ್ತೋ ಅಷ್ಟು ಮರವನ್ನ ಮೇಲಿಂದ ತೆಗೆಯೋದು. ಎಲ್ಲಾ ಕೀಗೂ ಒಂದೇ ಆಳ ಬರಬೇಕು ಅಂದ್ರೆ ಜಿಗ್ (ಆಳ ತಪ್ಪದಂತೆ ಹಿಡಿಯೋ ಚೌಕಟ್ಟು) ಬೇಕು, ಕೈ ರಂದಾದಲ್ಲಿ ಒಂದೊಂದಾಗಿ ಹೊಡೆದ್ರೆ ಐವತ್ತೆರಡು ಕೀಗೆ ಐವತ್ತೆರಡು ಎತ್ತರ ಬರತ್ತೆ. ಪೂರ್ತಿ ಸೆಟ್ ಬದಲಾಯಿಸೋದಿದ್ರೆ ಈ ಭಾಗವನ್ನ ಮಾತ್ರ ರೂಟರ್ (ಮರ ಕೊರೆಯೋ ಮೆಷಿನ್) ಮತ್ತು ಅದರ ಜಿಗ್ ಇರೋರ ಹತ್ರ ಮಾಡಿಸಿ ಅಂತ ನಾನು ಹೇಳೋದು, ಅಂಟಿಸೋದು ಬೇಕಾದ್ರೆ ಮನೇಲೇ ಮಾಡ್ಕೊಳ್ಳಿ.

ಮುಂದಿನ ಮುಖದ ಕಥೆನೂ ಇದೇ. ಅಚ್ಚಿನ ಕೀಟಾಪ್‌ಗೆ ಮುಖ ಜೊತೇಲೇ ಬರತ್ತೆ, ಮರದ ಮುಂದಿರೋ ಹಳೇ ಮುಖದ ತುಂಡನ್ನ ತೆಗೀದೆ ಕೂರಿಸಿದ್ರೆ ಕೀ ಉದ್ದವಾಗಿ ಎದುರಿನ ಪಟ್ಟಿಗೆ, ಅಂದ್ರೆ ಕೀ ಸ್ಲಿಪ್‌ಗೆ, ಉಜ್ಜತ್ತೆ. ಕೊಳ್ಳೋ ಮುಂಚೆ ಇನ್ನೊಂದು ಅಳತೆ, ಕೀಯ ಮುಂದಿನ ಅಂಚಿಂದ ಕಪ್ಪು ಕೀಗಾಗಿ ಕತ್ತರಿಸಿರೋ ಹೆಗಲಿನವರೆಗೆ ಎಷ್ಟು ಅಂತ. 50 ಎಂಎಂ ಆಸುಪಾಸು ಇರತ್ತೆ, ಆದ್ರೆ ಹಳೇ ಪಿಯಾನೊಗಳಲ್ಲಿ ಒಂದೆರಡು ಎಂಎಂ ಹೆಚ್ಚುಕಮ್ಮಿ, ಆ ಒಂದೆರಡು ಎಂಎಂ ಸಾಕು ಕಪ್ಪು ಕೀ ಮೂತಿ ಬಿಳಿ ಕೀಗೆ ತಾಗೋಕೆ.

ಗಮ್ ಯಾವ್ದು ಹಾಗಾದ್ರೆ

ಪಿಯಾನೊ ಕೆಲಸದವರು ಪ್ಲಾಸ್ಟಿಕ್ ಕೀಟಾಪ್‌ಗೆ ಇಷ್ಟಪಡೋದು ಪಿವಿಸಿ-ಇ ಅನ್ನೋ ಬಿಳಿ ಹಾಲಿನಂಥ ಗಮ್, ಒಣಗಿದ ಮೇಲೂ ಸ್ವಲ್ಪ ಬಳುಕತ್ತೆ, ಮರ ಉಬ್ಬಿ ಕುಗ್ಗಿದ್ರೂ ಸೈರಿಸ್ಕೊಳ್ಳತ್ತೆ, ಮುಂದೆ ಬೇಕಾದ್ರೆ ಬಿಸಿ ಮಾಡಿ ಬಿಡಿಸಬಹುದು. ನಮ್ಮ ಹಾರ್ಡ್‌ವೇರ್ ಅಂಗಡೀಲಿ ಆ ಹೆಸರಲ್ಲಿ ಕೇಳಿದ್ರೆ ಸಿಗೋದು ಕಷ್ಟ, ಪಿಯಾನೊ ಬಿಡಿಭಾಗ ತರಿಸೋವಾಗ ಜೊತೇಲೇ ತರಿಸ್ಕೊಳ್ಳಿ. ಮರಕ್ಕೆ ಹಾಕೋ ಬಿಳಿ ಫೆವಿಕಾಲ್ ಥರದ್ದು ದಂತಕ್ಕೆ ಚೆನ್ನಾಗಿ ಆಗತ್ತೆ, ನುಣ್ಣನೆ ಪ್ಲಾಸ್ಟಿಕ್ಕಿಗೆ ಅಷ್ಟು ನಂಬಿಕೆ ಇಲ್ಲ. ಕಾಂಟ್ಯಾಕ್ಟ್ ಗಮ್ ಕೆಲಸ ಮಾಡತ್ತೆ, ಎರಡೂ ಕಡೆ ತೆಳ್ಳಗೆ ಹಚ್ಚಿ ಕೈಗೆ ಅಂಟದಷ್ಟು ಒಣಗೋವರೆಗೆ ಕಾಯಬೇಕು, ಒಂದ್ಸಲ ಮುಟ್ಟಿಸಿದ್ರೆ ಮುಗೀತು, ಸರಿಸೋಕಾಗಲ್ಲ, ಹಾಗಾಗಿ ನಂಗೆ ಅದು ಇಷ್ಟ ಇಲ್ಲ. ಎಪಾಕ್ಸಿ ಬೇಡವೇ ಬೇಡ, ಅದು ನಿಲ್ಲತ್ತೆ ನಿಜ, ಆದ್ರೆ ಮುಂದೆ ಯಾರಾದ್ರೂ ತೆಗೀಬೇಕಾದ್ರೆ ಮರದ ಸಮೇತ ಹರಿಯತ್ತೆ. ಸೂಪರ್ ಗ್ಲೂ ಬಿರುಸು, ಒಣಗಿದ ಮೇಲೆ ಏಟಿಗೆ ಚಟ್ ಅಂತ ಬಿಡತ್ತೆ, ಮೇಲಾಗಿ ಅದರ ಆವಿ ಅಕ್ಕಪಕ್ಕದ ಕೀಗಳ ಮೇಲೆ ಬಿಳಿ ಮಂಜು ಥರ ಕೂರತ್ತೆ. ಅಂಟಿಸಿದ ಮಾರನೇ ದಿನ ಅಂಚಲ್ಲಿ ಬೂದು ಬಿಳುಪು ಕಂಡ್ರೆ ಅದು ಇದೇ.

ದಂತಕ್ಕೆ ಹಳದಿ ಬಣ್ಣದ ಮರಗೆಲಸದ ಗಮ್ ಹಾಕಬಾರದು, ದಂತ ಬೆಳಕು ಹಾಯಿಸತ್ತೆ, ಕೆಳಗಿನ ಹಳದಿ ಮೇಲೆ ಕಲೆಯಾಗಿ ಕಾಣತ್ತೆ. ಹಿಂದಿನವರು ಸರೇಸಿಗೆ ಬಿಳಿ ಸೀಮೆಸುಣ್ಣದ ಪುಡಿ ಕಲಸ್ತಿದ್ದಿದ್ದು, ಮಧ್ಯೆ ಬಿಳಿ ತೆಳು ಬಟ್ಟೆ ಹಾಕ್ತಿದ್ದಿದ್ದು ಇದಕ್ಕೇ. ನೀರಿನ ಅಂಶ ಇರೋ ಗಮ್ ತಾಗಿದ ತಕ್ಷಣ ದಂತ ಒಂದು ಕಡೆಯಿಂದ ತೇವ ಹೀರಿ ಬಿಲ್ಲಿನ ಥರ ಬಾಗತ್ತೆ, ಗಾಬರಿ ಬೇಡ, ಮಟ್ಟವಾದ ಮರದ ತುಂಡಿಟ್ಟು ಕ್ಲ್ಯಾಂಪ್ ಹಾಕಿ ರಾತ್ರಿಯೆಲ್ಲಾ ಬಿಟ್ರೆ ಚಪ್ಪಟೆಯಾಗಿ ಕೂರತ್ತೆ. ತುದಿಗಳು ಎದ್ದಿವೆ ಅಂದ್ರೆ ಕ್ಲ್ಯಾಂಪ್ ಮಧ್ಯಕ್ಕೆ ಮಾತ್ರ ಒತ್ತಿದೆ, ಮರದ ತುಂಡು ಕೀಟಾಪ್‌ನಷ್ಟೇ ಉದ್ದ ಇರಬೇಕು.

ಗಮ್ ತೆಳ್ಳಗೆ, ಎಲ್ಲಾ ಕಡೆ ಸಮನಾಗಿ. ಮಧ್ಯೆ ಬಟರ್ ಪೇಪರ್ ಹಾಕಿ, ಇಲ್ಲಾಂದ್ರೆ ಕ್ಲ್ಯಾಂಪಿನ ಮರಾನೂ ಅಂಟಿಕೊಳ್ಳತ್ತೆ. ಮಿತಿ ಮೀರಿ ಬಿಗಿದ್ರೆ ಗಮ್ ಎಲ್ಲಾ ಪಕ್ಕಕ್ಕೆ ಹೋಗಿ ಮಧ್ಯ ಬರಿದಾಗತ್ತೆ, ಅಂಚಲ್ಲಿ ಸಣ್ಣ ಮಣಿಸಾಲು ಕಾಣೋಷ್ಟು ಒತ್ತಡ ಸಾಕು. ಆ ಮಣಿಗಳನ್ನ ಹಸಿ ಇರೋವಾಗ್ಲೇ ಒರೆಸಿಬಿಡಿ. 24 ಗಂಟೆ ಮುಟ್ಟಬೇಡಿ.

ಮತ್ತೆ ಹೊಸ ಸೆಟ್‌ನಲ್ಲಿ ಎಲ್ಲಾ ತುಂಡೂ ಒಂದೇ ಅಲ್ಲ. ಡಿ, ಜಿ, ಎ ಸ್ವರದ ಕೀ ಮೂರಕ್ಕೂ ಎರಡೂ ಕಡೆ ಕಪ್ಪು ಕೀಗಾಗಿ ಕಚ್ಚು ಇದೆ, ನೋಡೋಕೆ ಒಂದೇ ಥರ, ಆದ್ರೆ ಕಚ್ಚಿನ ಅಗಲ ಬೇರೆ ಬೇರೆ. ಜಿ ಜಾಗಕ್ಕೆ ಡಿ ಹಾಕಿದ್ರೆ ಅಂಟಿಸೋವಾಗ ಸರಿಯಾಗೇ ಕೂತಂಗೆ ಇರತ್ತೆ, ಕಪ್ಪು ಕೀ ವಾಪಸ್ ಇಟ್ಟಾಗ ಒಂದು ಕಡೆ ಉಜ್ಜತ್ತೆ, ಇನ್ನೊಂದು ಕಡೆ ಸಂದಿ. ಗಮ್ ಮುಟ್ಟೋ ಮುಂಚೆ ಐವತ್ತೆರಡನ್ನೂ ಒಣದಾಗೇ ಜೋಡಿಸಿ ನೋಡಿ.

ಅಂಟಿಸಿದ ಮೇಲೆ ಬರೋ ತಾಪತ್ರಯ

ಕೀ ಸಿಕ್ಕಿಕೊಳ್ತಿದೆ, ಮೇಲೆ ಬರ್ತಿಲ್ಲ. ಪಕ್ಕದ ಎರಡೂ ಕೀಗಳ ಸಂದಿಗೆ ಕಾಗದದ ಚೂರು ಇಳಿಸಿ ನೋಡಿ, ಎಲ್ಲಿ ತಡೆಯತ್ತೋ ಅಲ್ಲಿ ಗಮ್ ಉಂಡೆ ಇದೆ ಅಥವಾ ಕೀಟಾಪ್ ಮರಕ್ಕಿಂತ ಅಗಲ ಇದೆ. ಅಚ್ಚಿನ ಕೀಟಾಪನ್ನ ಬೇಕಂತಲೇ ಸ್ವಲ್ಪ ಅಗಲ ಮಾಡಿರ್ತಾರೆ, ಅಂಟಿಸಿದ ಮೇಲೆ ಸಣ್ಣ ಅರದಲ್ಲಿ ಮರದ ಪಕ್ಕಕ್ಕೆ ಸಮ ಮಾಡ್ಬೇಕು, ಅರವನ್ನ ಮೇಲಿಂದ ಕೆಳಕ್ಕೆ ಮಾತ್ರ ಎಳೀರಿ, ಕೆಳಗಿಂದ ಮೇಲಕ್ಕೆ ನೂಕಿದ್ರೆ ಅಂಚು ಎಬ್ಬಿಸಿಬಿಡತ್ತೆ. ಸಂದಿ ಸರಿ ಇದೆ, ಆದ್ರೂ ಸಿಕ್ಕಿಕೊಳ್ಳತ್ತೆ ಅಂದ್ರೆ ಕೀ ಸ್ಲಿಪ್ ಪಟ್ಟಿ ಬಿಚ್ಚಿ ನುಡಿಸಿ, ಸರಿಹೋದ್ರೆ ಉಜ್ಜೋದು ಮುಂದಿನ ಮುಖ. ಪಟ್ಟಿ ಬಿಚ್ಚಿದ್ರೂ ಹಾಗೇ ಇದ್ರೆ ಕೀಟಾಪ್ ಮೇಲಿನ ಅನುಮಾನ ಬಿಡಿ. ಜೂನ್ ಜುಲೈನಲ್ಲಿ ಮರ ತೇವ ಹೀರಿ ಉಬ್ಬತ್ತೆ, ಕೀ ಮಧ್ಯದ ಬ್ಯಾಲೆನ್ಸ್ ಪಿನ್ ಕೂರೋ ತೂತು, ಮುಂದಿನ ಪಿನ್ನಿಗೆ ಮರ ತಾಗದಂತೆ ಹಾಕಿರೋ ಬಟ್ಟೆಯಂಥ ಫೆಲ್ಟ್ ಬುಶಿಂಗ್ ಎರಡೂ ಬಿಗಿಯಾಗ್ತವೆ, ಬೆಂಗಳೂರಲ್ಲೂ ಇದು ಮಾಮೂಲು, ಮಂಗಳೂರು ಉಡುಪಿ ಕಡೆ ಕೇಳೋದೇ ಬೇಡ. ವ್ಯತ್ಯಾಸ ತಿಳಿಯೋದು ಹೀಗೆ, ಮಳೆಯ ತೊಂದರೆ ಆದ್ರೆ ಅಲ್ಲಲ್ಲಿ ಬೇರೆ ಬೇರೆ ಕೀ ನಿಧಾನ ಆಗ್ತವೆ, ಹೊಸದಾಗಿ ಅಂಟಿಸದೇ ಇರೋವೂ ಸೇರಿ, ಬಿಸಿಲು ಬಂದ್ಮೇಲೆ ತಾನಾಗೇ ಹಗುರ ಆಗ್ತವೆ. ಕೀಟಾಪಿನ ತೊಂದರೆ ಆದ್ರೆ ಅದೇ ಕೀ, ಅದೇ ಜಾಗ, ಬೇಸಿಗೇಲೂ ಬಿಡಲ್ಲ.

ಟಿಕ್ ಟಿಕ್ ಸದ್ದು ಬರ್ತಿದೆ. ಕೀಟಾಪ್ ಒಂದು ತುದಿ ಬಿಟ್ಟಿದೆ ಅಂತ ತಕ್ಷಣ ನಿರ್ಧಾರ ಮಾಡಬೇಡಿ. ಮುಚ್ಚಳದ ಹಲಗೆ ತೆಗೆದು, ಕೀಟಾಪ್ ಮುಗಿದ ಮೇಲೆ ಹಿಂದೆ ಬರೀ ಮರ ಕಾಣತ್ತಲ್ಲ, ಅಲ್ಲಿ ಬೆರಳಿಟ್ಟು ಒತ್ತಿ. ಸದ್ದು ಹೋದ್ರೆ ಕೀಟಾಪೇ, ಉಗುರು ಕುಟ್ಟಿ ಪೊಳ್ಳು ಜಾಗ ಹುಡುಕಿ. ಸದ್ದು ಉಳಿದ್ರೆ ಕೀ ಹೊರಗೆ ತೆಗೆದು ಕಿವಿ ಹತ್ರ ಹಿಡಿದು ಅಲುಗಾಡಿಸಿ, ಭಾರಕ್ಕೆ ಅಂತ ಕೂರಿಸಿರೋ ಸೀಸದ ಬಿಲ್ಲೆ ಸಡಿಲ ಆಗಿದ್ರೆ ಅಲ್ಲೇ ಗೊತ್ತಾಗತ್ತೆ. ಅದೂ ಅಲ್ಲ ಅಂದ್ರೆ ಸವೆದ ಬುಶಿಂಗ್, ಕೀಯನ್ನ ಎಡಬಲಕ್ಕೆ ಅಲ್ಲಾಡಿಸಿದಾಗ ಪಿನ್ನಿಗೆ ಮರ ಬಡಿಯೋ ಸದ್ದು ಕೇಳತ್ತೆ.

ಎತ್ತರ ಏರುಪೇರಾಗಿದೆ. ಉದ್ದನೆ ನೇರ ಪಟ್ಟಿ ಬಿಳಿ ಕೀಗಳ ಮೇಲಿಟ್ಟು ಕೆಳಗಿಂದ ಬೆಳಕು ಎಲ್ಲಿ ಬರತ್ತೆ ನೋಡಿ. ಕೀಯನ್ನ ತೆಗೆದು ಪಕ್ಕದ ಕೀ ಜೊತೆ ಕೀಟಾಪಿನ ದಪ್ಪ ಹೋಲಿಸಿ, ಒಂದೇ ಇದ್ರೆ ಮಟ್ಟ ತಪ್ಪಿರೋದು ಬ್ಯಾಲೆನ್ಸ್ ರೈಲ್ ಬಿಲ್ಲೇಲಿ, ಬಿಚ್ಚಿದಾಗ ಬಿಲ್ಲೆಗಳು ಅದಲು ಬದಲಾಗಿರತ್ತೆ ಅಥವಾ ಒಂದು ಬಿಲ್ಲೆ ಕೀ ಮರದ ಅಡಿಗೇ ಅಂಟಿಕೊಂಡು ಬಂದು ಕಳೆದಿರತ್ತೆ. ದಪ್ಪವೇ ಬೇರೆ ಇದ್ರೆ ಕೆಳಗೆ ಹಳೇ ಗಮ್ ಉಳಿದಿದೆ, ಬಿಡಿಸಿ ಮತ್ತೆ ಮಾಡ್ಬೇಕು. ಮೇಲಿಂದ ಉಪ್ಪುಕಾಗದ ಹಾಕಿ ಉಜ್ಜಿ ಮಟ್ಟ ಮಾಡೋದು ಬೇಡ, ಆ ನುಣುಪು ವಾಪಸ್ ಬರಲ್ಲ.

ಕಪ್ಪು ಕೀ ಹೊದಿಕೆ ಬಿದ್ರೆ ಇಷ್ಟೆಲ್ಲಾ ಇಲ್ಲ. ಎಬೊನಿ ಮರದ್ದಾದ್ರೆ ಮರಕ್ಕೆ ಮರ, ಎರಡೂ ಕಡೆ ಹಳೇ ಅಂಟು ಕೆರೆದು ಬಿಳಿ ಗಮ್ ಹಾಕಿ, ಕೀಯ ಮಧ್ಯಕ್ಕೆ ನೇರವಾಗಿ ಕೂತಿದ್ಯಾ ಅಂತ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ, ಮಾಸ್ಕಿಂಗ್ ಟೇಪ್ ಸುತ್ತಿ ಬಿಟ್ರೆ ಸಾಕು. ಪ್ಲಾಸ್ಟಿಕ್ಕಿಂದಾದ್ರೆ ಒಳಗೆ ಪೊಳ್ಳಿರತ್ತೆ, ಅಂಚಿಗೆ ಮಾತ್ರ ಗಮ್ ಸಿಗೋದು, ಹಾಗಾಗಿ ಆ ಅಂಚನ್ನ ಚೆನ್ನಾಗಿ ಒರಟು ಮಾಡಿ, ಗಮ್ ಸ್ವಲ್ಪ ಧಾರಾಳವಾಗೇ ಇರ್ಲಿ, ಅಕ್ಕಪಕ್ಕದ ಬಿಳಿ ಕೀಗಳನ್ನ ವಾಪಸ್ ಕೂರಿಸೋದು ಪೂರ್ತಿ ಒಣಗಿದ ಮೇಲೇನೇ.